ಮನೆಯಂಗಳದ ದೂರದರ್ಶಕ: ರಂಧ್ರ ಕೊರೆಯುವ ಮುನ್ನ ಅಳೆಯಿರಿ

ಮಸೂರದ ಬದಲು ನಿಮ್ನ ದರ್ಪಣದಿಂದ ಬೆಳಕನ್ನು ಒಟ್ಟುಗೂಡಿಸುವ ದೂರದರ್ಶಕವನ್ನು 1668ರಲ್ಲಿ ಐಸಾಕ್ ನ್ಯೂಟನ್ ತಯಾರಿಸಿದಾಗ, ಲೋಹವನ್ನು ಎರಕ ಹೊಯ್ದು ಉಜ್ಜಿ ಹೊಳಪು ಕೊಡುವ ಕೆಲಸವನ್ನೂ ಅವರೇ ಮಾಡಬೇಕಾಯಿತು. ಇಂದಿನ ಹವ್ಯಾಸಿಗೆ ಅಲ್ಯುಮಿನಿಯಂ ಲೇಪವಿರುವ ಗಾಜಿನ ದರ್ಪಣ ಸಿದ್ಧವಾಗಿಯೇ ಸಿಗುತ್ತದೆ. ಉಳಿಯುವುದು ಜೋಡಣೆ. ಅದಕ್ಕೆ ಬಡಗಿಯ ಕೈಚಳಕಕ್ಕಿಂತ ಹೆಚ್ಚಾಗಿ ಅಳತೆಯ ವಿಷಯದಲ್ಲಿ ತಾಳ್ಮೆ ಬೇಕು.

ಮೊದಲ ಪ್ರಯತ್ನಕ್ಕೆ 150 ಮಿ.ಮೀ. ವ್ಯಾಸದ, 1,200 ಮಿ.ಮೀ. ಸಂಗಮ ದೂರದ ದರ್ಪಣವೇ ಸೂಕ್ತ. ಸಂಗಮ ದೂರವೆಂದರೆ ದರ್ಪಣದಿಂದ ಅದು ಬೆಳಕನ್ನು ಒಂದೆಡೆ ಸೇರಿಸುವ ಜಾಗಕ್ಕಿರುವ ಅಂತರ. ಕತ್ತಲಿಗೆ ಹೊಂದಿಕೊಂಡ ಕಣ್ಣಿನ ಪಾಪೆ 7 ಮಿ.ಮೀ.ವರೆಗೆ ಹಿಗ್ಗುತ್ತದೆ ಎಂದು ಲೆಕ್ಕ ಹಿಡಿದರೆ, ಈ ದರ್ಪಣ ಬರಿಗಣ್ಣಿಗಿಂತ ಸುಮಾರು 450 ಪಟ್ಟು ಬೆಳಕನ್ನು ಹಿಡಿಯುತ್ತದೆ. ಸಂಗಮ ದೂರವು ವ್ಯಾಸದ ಎಂಟು ಪಟ್ಟು ಇರುವುದರಿಂದ ಜೋಡಣೆಯ ಸಣ್ಣಪುಟ್ಟ ಲೋಪಗಳನ್ನೂ ಅದು ತಾಳಿಕೊಳ್ಳುತ್ತದೆ. ಇದರ ಜೊತೆಗೆ 45 ಡಿಗ್ರಿ ಓರೆಯಾಗಿ ಕೂರಿಸಲು ಸುಮಾರು 35 ಮಿ.ಮೀ. ಅಗಲದ ಚಪ್ಪಟೆ ಓರೆಗನ್ನಡಿ, ಕಣ್ಣಿಟ್ಟು ನೋಡುವ, 25 ಮತ್ತು 10 ಮಿ.ಮೀ. ಸಂಗಮ ದೂರದ ಎರಡು ಮಸೂರದ ಐಪೀಸ್‌ಗಳು ಹಾಗೂ ಅವನ್ನು ಹಿಡಿದು ಒಳಹೊರಗೆ ಸರಿಸುವ ಫೋಕಸರ್ ಬೇಕು. ಓರೆಗನ್ನಡಿಯ ಜಾಗದಲ್ಲಿ ಮನೆಯ ಕನ್ನಡಿಯ ತುಂಡನ್ನು ಬಳಸಬಾರದು. ಅದರ ಲೇಪ ಗಾಜಿನ ಹಿಂಬದಿಯಲ್ಲಿರುವುದರಿಂದ ಒಂದೇ ನಕ್ಷತ್ರಕ್ಕೆ ಎರಡೆರಡು ಬಿಂಬಗಳು ಮೂಡುತ್ತವೆ.

ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಸಂಗಮ ದೂರವನ್ನು ನಂಬಿ ಕೊಳವೆ ಕೊಯ್ಯಬೇಡಿ. ಬೆಳದಿಂಗಳ ರಾತ್ರಿ ದರ್ಪಣವನ್ನು ಚಂದ್ರನತ್ತ ಮುಖ ಮಾಡಿ ನಿಲ್ಲಿಸಿ, ಅದರ ಮುಂದೆ ಸಣ್ಣ ಬಿಳಿ ಕಾಗದವನ್ನು ಹಿಂದೆ ಮುಂದೆ ಸರಿಸಿದರೆ, ಒಂದು ಜಾಗದಲ್ಲಿ ಸುಮಾರು 11 ಮಿ.ಮೀ. ಅಗಲದ ಪುಟ್ಟ ಚಂದ್ರ ಸ್ಪಷ್ಟವಾಗಿ ಮೂಡುತ್ತಾನೆ. ದರ್ಪಣದಿಂದ ಆ ಕಾಗದಕ್ಕಿರುವ ಅಂತರವೇ ನಿಜವಾದ ಸಂಗಮ ದೂರ. ಇದೇ ಪ್ರಯೋಗವನ್ನು ಸೂರ್ಯನೊಂದಿಗೆ ಮಾಡಲೇಬಾರದು. ಕಾಗದ ಹೊತ್ತಿಕೊಳ್ಳುವುದಷ್ಟೇ ಅಲ್ಲ, ಕಣ್ಣೇ ಹೋಗಬಹುದು.

ಇನ್ನು ಫೋಕಸರ್‌ನ ರಂಧ್ರ ಎಲ್ಲಿರಬೇಕು ಎಂಬ ಲೆಕ್ಕ. ಬೆಳಕು ದರ್ಪಣದಿಂದ ಓರೆಗನ್ನಡಿಗೆ ಬಂದು, ಅಲ್ಲಿಂದ ಪಕ್ಕಕ್ಕೆ ತಿರುಗಿ ಐಪೀಸ್ ತಲುಪುವವರೆಗಿನ ಒಟ್ಟು ದಾರಿ 1,200 ಮಿ.ಮೀ. ಆಗಬೇಕು. ಹೊರವ್ಯಾಸ 200 ಮಿ.ಮೀ. ಇರುವ ತೆಳುಗೋಡೆಯ ಪಿವಿಸಿ ಪೈಪನ್ನು ಬಳಸುವುದಾದರೆ ನಡುವಿನಿಂದ ಹೊರಮೈಗೆ 100, ಪೂರ್ತಿ ಒಳಸರಿಸಿದ ಫೋಕಸರ್‌ನ ಎತ್ತರ 70, ಹೊಂದಿಸಿಕೊಳ್ಳಲು ಬಿಡುವ ಜಾಗ 15, ಒಟ್ಟು 185 ಮಿ.ಮೀ. ಆಯಿತು. ಇದನ್ನು ಕಳೆದರೆ ಉಳಿಯುವ 1,015 ಮಿ.ಮೀ. ದೂರದಲ್ಲಿ, ದರ್ಪಣದ ಮೇಲ್ಮೈಯಿಂದ ಅಳೆದು, ರಂಧ್ರದ ನಡುಬಿಂದುವನ್ನು ಗುರುತಿಸಬೇಕು. ನನ್ನ ಮೊದಲ ದೂರದರ್ಶಕದಲ್ಲಿ ಫೋಕಸರ್ ಕೈಸೇರುವ ಮುನ್ನವೇ ಅಂದಾಜಿನ ಮೇಲೆ ಕೊರೆದುಬಿಟ್ಟಿದ್ದೆ. ಬಂದ ಫೋಕಸರ್ ನಾನೆಣಿಸಿದ್ದಕ್ಕಿಂತ ಎತ್ತರವಾಗಿತ್ತು. ಎಷ್ಟು ಒಳಸರಿಸಿದರೂ ಗುರುಗ್ರಹ ಹಿಟ್ಟು ಚೆಲ್ಲಿದಂತೆಯೇ ಕಾಣುತ್ತಿತ್ತು. ಕಡೆಗೆ ದರ್ಪಣವನ್ನೇ ಮೇಲಕ್ಕೆ ಸರಿಸಿ ಸರಿಪಡಿಸಬೇಕಾಯಿತು.

ಪೈಪನ್ನು 1,300 ಮಿ.ಮೀ. ಉದ್ದಕ್ಕೆ ಕೊಯ್ಯಿಸಿ, ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ದರ್ಪಣವನ್ನು ದುಂಡನೆಯ ಪ್ಲೈವುಡ್ ಹಲಗೆಯ ಮೇಲೆ ಮೂರು ಕಡೆ ಸಿಲಿಕೋನ್ ಅಂಟಿನ ಗುಂಡುಗಳಿಟ್ಟು ಕೂರಿಸಿ, ಆ ಹಲಗೆಯನ್ನು ಮೂರು ಬೋಲ್ಟು ಮತ್ತು ಸ್ಪ್ರಿಂಗ್‌ಗಳ ಮೂಲಕ ಪೈಪಿನ ತಳದ ಇನ್ನೊಂದು ಹಲಗೆಗೆ ಜೋಡಿಸಬೇಕು. ಬೋಲ್ಟು ತಿರುಗಿಸಿದಂತೆ ದರ್ಪಣ ಓಲುವಂತಿರಬೇಕು. ಅಂಚನ್ನು ಎಲ್ಲಿಯೂ ಬಿಗಿಯಾಗಿ ಹಿಡಿಯಬಾರದು. ಹಿಡಿದರೆ ಗಾಜು ಕೂದಲೆಳೆಗಿಂತ ಕಡಿಮೆ ಬಾಗಿದರೂ ನಕ್ಷತ್ರಗಳು ಮುಕ್ಕೋನವಾಗುತ್ತವೆ. ಓರೆಗನ್ನಡಿಯನ್ನು ಕೊಳವೆಯ ನಡುವೆ ತೂಗಿಸಲು ತೆಳುವಾದ ಉಕ್ಕಿನ ಅಳತೆಪಟ್ಟಿಗಳನ್ನು ಕತ್ತರಿಸಿ ನಾಲ್ಕು ಕಡೆಯಿಂದ ಬಿಗಿದರೆ ಸಾಕು.

ಪೀಠದ ವಿಷಯದಲ್ಲಿ ಜಾನ್ ಡಾಬ್ಸನ್ ಅವರ ಋಣ ದೊಡ್ಡದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಆಶ್ರಮದ ಸನ್ಯಾಸಿಯಾಗಿದ್ದ ಅವರು, ಅಲ್ಲಿಂದ ಹೊರಬಂದ ಮೇಲೆ ಬೀದಿಬದಿಯಲ್ಲಿ ದೂರದರ್ಶಕ ನಿಲ್ಲಿಸಿ ದಾರಿಹೋಕರಿಗೆ ಆಕಾಶ ತೋರಿಸಿದವರು. ಅವರ ಹೆಸರಿನಲ್ಲೇ ಉಳಿದಿರುವ ಪೀಠವೆಂದರೆ 18 ಮಿ.ಮೀ. ಪ್ಲೈವುಡ್ಡಿನ, ಮೇಲ್ಭಾಗ ತೆರೆದಿರುವ ಒಂದು ಪೆಟ್ಟಿಗೆ. ಅದರ ತಳಕ್ಕೆ ಸನ್‌ಮೈಕಾ ಅಂಟಿಸಿ, ಕೆಳಗಿನ ಹಲಗೆಯ ಮೇಲೆ ಮೂರು ಟೆಫ್ಲಾನ್ ತುಂಡುಗಳನ್ನಿಟ್ಟು, ನಡುವೆ ಒಂದು ಬೋಲ್ಟು ಹಾಕಿದರೆ ಪೆಟ್ಟಿಗೆ ಬೆರಳ ಒತ್ತಿಗೆ ನುಣುಪಾಗಿ ತಿರುಗುತ್ತದೆ. ಕೊಳವೆಯ ಎರಡು ಬದಿಗೆ ಜೋಡಿಸುವ ದುಂಡು ಬಿಲ್ಲೆಗಳು ಪೆಟ್ಟಿಗೆಯ ಮೇಲಂಚಿನ ಕಚ್ಚುಗಳಲ್ಲಿ ಕೂರುತ್ತವೆ. ಈ ಬಿಲ್ಲೆಗಳ ಜಾಗವನ್ನು ದರ್ಪಣ, ಫೋಕಸರ್, ಐಪೀಸ್ ಎಲ್ಲವನ್ನೂ ಹಾಕಿದ ಮೇಲೆ, ಕೊಳವೆಯನ್ನು ಒಂದು ಸರಳಿನ ಮೇಲಿಟ್ಟು ತೂಕ ಸಮನಾಗುವ ಕಡೆ ಗುರುತಿಸಬೇಕು.

ಹೆಚ್ಚಿನವರು ಸೋಲುವುದು ಕನ್ನಡಿಗಳನ್ನು ಒಂದೇ ಅಕ್ಷಕ್ಕೆ ತರುವ ಹಂತದಲ್ಲಿ. ದರ್ಪಣದ ನಟ್ಟನಡುವೆ ಸಣ್ಣ ಉಂಗುರದ ಸ್ಟಿಕರ್ ಅಂಟಿಸಿ. ಆ ಜಾಗ ಹೇಗೂ ಓರೆಗನ್ನಡಿಯ ನೆರಳಿನಲ್ಲಿರುವುದರಿಂದ ನಷ್ಟವೇನಿಲ್ಲ. ಫೋಕಸರ್‌ಗೆ ನಡುವೆ ಸೂಜಿತೂತಿರುವ ಮುಚ್ಚಳ ಹಾಕಿ ಹಗಲಿನಲ್ಲಿ ಇಣುಕಿದಾಗ, ಮೊದಲು ಓರೆಗನ್ನಡಿ ಫೋಕಸರ್‌ನ ನಡುವೆ ದುಂಡಾಗಿ ಕಾಣುವಂತೆ ಸರಿಸಬೇಕು. ಆಮೇಲೆ ಅದರ ಮೂರು ತಿರುಪುಗಳನ್ನು ತಿರುಗಿಸಿ, ಅದರಲ್ಲಿ ಮುಖ್ಯ ದರ್ಪಣ ಪೂರ್ತಿಯಾಗಿ, ಉಂಗುರ ನಡುವೆಯೇ ಬರುವಂತೆ ಮಾಡಬೇಕು. ಕೊನೆಯಲ್ಲಿ ಮುಖ್ಯ ದರ್ಪಣದ ಬೋಲ್ಟುಗಳನ್ನು ಹೊಂದಿಸಿ, ಸೂಜಿತೂತಿನ ಬಿಂಬ ಉಂಗುರದೊಳಗೆ ಬೀಳುವಂತೆ ತರಬೇಕು. ಈ ಕ್ರಮ ಬದಲಾದರೆ ಇಡೀ ಸಂಜೆ ತಿರುಪು ತಿರುಗಿಸುವುದರಲ್ಲೇ ಕಳೆಯುತ್ತದೆ. ರಾತ್ರಿ ಹೊಳೆಯುವ ನಕ್ಷತ್ರವೊಂದನ್ನು ಬೇಕೆಂದೇ ಸ್ವಲ್ಪ ಮಸುಕುಗೊಳಿಸಿ ನೋಡಿ; ಉಂಗುರಗಳು ಏಕಕೇಂದ್ರವಾಗಿದ್ದರೆ ಜೋಡಣೆ ಸರಿಯಾಗಿದೆ.

ದೂರದರ್ಶಕವನ್ನು ಅರ್ಧ ಗಂಟೆ ಮೊದಲೇ ಅಂಗಳದಲ್ಲಿಟ್ಟು ದರ್ಪಣ ತಣಿಯಲು ಬಿಡಿ. 25 ಮಿ.ಮೀ. ಐಪೀಸ್ 48 ಪಟ್ಟು ಹಿಗ್ಗಿಸುತ್ತದೆ. ಶನಿಯ ಬಳೆಗೆ, ಗುರುವಿನ ನಾಲ್ಕು ಚಂದ್ರರಿಗೆ ಅಷ್ಟೇ ಸಾಕು. ಚಳಿಗಾಲದಲ್ಲಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನೀಹಾರಿಕೆಯನ್ನೂ ಏಪ್ರಿಲ್, ಮೇ ರಾತ್ರಿಗಳಲ್ಲಿ ಒಮೇಗಾ ಸೆಂಟಾರಿಯನ್ನೂ ನೋಡಬೇಕು. ಯುರೋಪಿನ ಬಹುಭಾಗಕ್ಕೆ ಕಾಣದ ಈ ಗೋಳಗುಚ್ಛ, ಅಂದರೆ ನಕ್ಷತ್ರಗಳ ಗೋಳಾಕಾರದ ಗುಂಪು, ಬೆಂಗಳೂರಿನ ದಕ್ಷಿಣ ದಿಗಂತದಿಂದ ಸುಮಾರು 29 ಡಿಗ್ರಿ ಎತ್ತರಕ್ಕೆ ಏರುತ್ತದೆ.

ಮಳೆಗಾಲದಲ್ಲಿ ತೇವದಿಂದ ದರ್ಪಣದ ಮೇಲೆ ಬೂಷ್ಟು ಹಿಡಿಯುತ್ತದೆ. ಮಲೆನಾಡು, ಕರಾವಳಿಯವರು ಜೂನ್ ಬರುವ ಮೊದಲೇ ಅದನ್ನು ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡುವುದು ಒಳ್ಳೆಯದು. ದೂಳು ಕೂತರೆ ಬಟ್ಟೆಯಿಂದ ಒರೆಸದೆ, ನಲ್ಲಿ ನೀರಿನಲ್ಲಿ ಹರಿಯಬಿಟ್ಟು, ಕೊನೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸುರಿದು, ಓರೆಯಾಗಿ ನಿಲ್ಲಿಸಿ ಒಣಗಿಸಬೇಕು.