ನಿಲ್ಲುವ ಮೊದಲೇ ಹಿಮ್ಮಡಿ ಹೊರಕ್ಕೆ: ಕ್ಲಿಪ್‌ಲೆಸ್ ಪೆಡಲಿನಿಂದ ಕಾಲು ಬಿಡಿಸಿಕೊಳ್ಳುವುದು ಹೇಗೆ?

ಭಾಗಮಂಡಲದಿಂದ ತಲಕಾವೇರಿಗೆ ಹತ್ತುವ ಎಂಟು ಕಿಲೋಮೀಟರ್ ದಾರಿಯ ಒಂದು ಕಡಿದಾದ ತಿರುವಿನಲ್ಲಿ ನಾನು ಮೊದಲ ಸಲ ಕ್ಲಿಪ್‌ಲೆಸ್ ಪೆಡಲಿನ, ಎಂದರೆ ಶೂವಿನ ತಳವನ್ನು ಕಚ್ಚಿ ಹಿಡಿಯುವ ಪೆಡಲಿನ, ಸೈಕಲ್ಲಿನಿಂದ ಬಿದ್ದೆ. ಮೇಲಿನಿಂದ ಇಳಿದು ಬರುತ್ತಿದ್ದ ಜೀಪಿಗೆ ದಾರಿ ಬಿಡಲೆಂದು ಎಡಕ್ಕೆ ಸರಿದು ಬ್ರೇಕ್ ಹಿಡಿದೆ. ಸೈಕಲ್ ನಿಂತಿತು. ಆಮೇಲೆ ಕಾಲು ತೆಗೆಯಲು ನೋಡಿದೆ. ಸಾಮಾನ್ಯ ಪೆಡಲಿನಿಂದ ಎತ್ತುವಂತೆ ಪಾದವನ್ನು ನೇರ ಮೇಲಕ್ಕೆ ಎಳೆದೆ. ಪೆಡಲ್ ಬಿಡಲಿಲ್ಲ. ಸೈಕಲ್ಲೂ ನಾನೂ ಒಟ್ಟಿಗೆ ಬಲಮಗ್ಗುಲಿಗೆ ಉರುಳಿದೆವು. ಜೀಪು ಆಗಲೇ ದಾಟಿ ಹೋಗಿದ್ದರಿಂದ ಮೊಣಕೈ ತರಚಿದ್ದಷ್ಟೇ ಗಾಯ. ಅಂದು ಮಾಡಿದ ತಪ್ಪು ಎರಡು: ಸೈಕಲ್ ನಿಂತ ಮೇಲೆ ಕಾಲು ಬಿಡಿಸಲು ಹೋದದ್ದು ಒಂದು, ಪಾದವನ್ನು ತಿರುಗಿಸದೆ ಎಳೆದದ್ದು ಇನ್ನೊಂದು. ಈ ಪೆಡಲನ್ನು ಹೊಸದಾಗಿ ಹಾಕಿಸಿಕೊಂಡವರಲ್ಲಿ ಬಹುಪಾಲು ಮಂದಿ ಬೀಳುವುದು ಈ ಎರಡು ಕಾರಣಗಳಿಂದಲೇ.

ಹೆಸರಿನಿಂದಲೇ ಗೊಂದಲ ಶುರುವಾಗುತ್ತದೆ. ಕ್ಲಿಪ್ ಇಲ್ಲದ ಪೆಡಲ್ ಎನ್ನುತ್ತೇವೆ, ಅದಕ್ಕೇ ಕಾಲನ್ನು ಕ್ಲಿಪ್ ಮಾಡುತ್ತೇವೆ. ಹಿಂದೆ ರೇಸ್ ಸೈಕಲ್ಲುಗಳ ಪೆಡಲಿಗೆ ಶೂವಿನ ತುದಿಯನ್ನು ಹಿಡಿಯುವ ಲೋಹದ ಚೌಕಟ್ಟೂ ಬಿಗಿಯಲು ಚರ್ಮದ ಪಟ್ಟಿಯೂ ಇರುತ್ತಿದ್ದವು. ಆ ಚೌಕಟ್ಟಿಗೆ ಟೋ ಕ್ಲಿಪ್ ಎಂದು ಹೆಸರು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ, ಸ್ಕೀ ಬೂಟನ್ನು ಹಿಡಿದಿಡುವ ತನ್ನ ಸಾಧನದ ತತ್ವವನ್ನು ಪೆಡಲಿಗೆ ತಂದಿತು. ಮರುವರ್ಷ ಬರ್ನಾರ್ಡ್ ಇನೋ ಅದನ್ನೇ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ಟೋ ಕ್ಲಿಪ್ ಹೋಯಿತು, ‘ಕ್ಲಿಪ್‌ಲೆಸ್’ ಎಂಬ ಹೆಸರು ಉಳಿಯಿತು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಎಸ್‌ಪಿಡಿ ಮಾದರಿಯನ್ನು ಜಪಾನಿನ ಶಿಮಾನೊ ಕಂಪನಿ 1990ರಲ್ಲಿ ಹೊರತಂದಿತು.

ಕೆಲಸ ಮಾಡುವ ಬಗೆಯನ್ನು ಒಮ್ಮೆ ಕಣ್ಣಾರೆ ನೋಡಿಕೊಂಡರೆ ಕಾಲಿಗೆ ಕಲಿಸುವುದು ಸುಲಭ. ಶೂವನ್ನು ಕೈಯಲ್ಲಿ ಹಿಡಿದು, ತಳದಲ್ಲಿರುವ ಲೋಹದ ಕ್ಲೀಟನ್ನು ಪೆಡಲಿಗೆ ಸೇರಿಸಿ ನೋಡಿ. ಕ್ಲೀಟಿನ ಮೂತಿ ಪೆಡಲಿನ ಮುಂದಿನ ಕೊಕ್ಕೆಯ ಅಡಿಗೆ ಹೋಗಿ ಕೂರುತ್ತದೆ. ಹಿಂಭಾಗವನ್ನು ಒತ್ತಿದಾಗ ಸ್ಪ್ರಿಂಗ್ ಇರುವ ಹಿಂದಿನ ದವಡೆ ಹಿಂದಕ್ಕೆ ಸರಿದು, ಟಕ್ಕೆಂದು ಮುಂದೆ ಬಂದು ಹಿಡಿಯುತ್ತದೆ. ಈಗ ಶೂವನ್ನು ಮೇಲಕ್ಕೆ ಎಳೆಯಿರಿ, ಬರುವುದಿಲ್ಲ. ಹಿಮ್ಮಡಿಯನ್ನು ನಿಧಾನವಾಗಿ ಹೊರಕ್ಕೆ ತಿರುಗಿಸಿ. ಮೊದಲ ನಾಲ್ಕು ಡಿಗ್ರಿಯಷ್ಟು ಸಡಿಲವಾಗಿ ಆಡುತ್ತದೆ. ಅಲ್ಲಿಂದ ಮುಂದೆ ಸ್ಪ್ರಿಂಗಿನ ಬಿಗಿ ಕೈಗೆ ಹತ್ತುತ್ತದೆ. ಸುಮಾರು 13 ಡಿಗ್ರಿ ತಿರುಗುವ ಹೊತ್ತಿಗೆ ಕ್ಲೀಟಿನ ಅಂಚು ದವಡೆಯನ್ನು ಹಿಂದಕ್ಕೆ ನೂಕಿ ಹೊರಬರುತ್ತದೆ. ಕಾಲು ಮಾಡಬೇಕಾದ ಕೆಲಸ ಇಷ್ಟೇ, ಮತ್ತು ಅದು ಅಡ್ಡಕ್ಕೆ ನಡೆಯುವ ಕೆಲಸ.

ಮೊದಲು ಪೆಡಲನ್ನು ಸಡಿಲಿಸಿ

ಎಸ್‌ಪಿಡಿ ಪೆಡಲಿನ ಹಿಂಭಾಗದಲ್ಲಿ 3 ಮಿ.ಮೀ. ಅಲೆನ್ ಕೀ ಹಿಡಿಯುವ ಒಂದು ಸ್ಕ್ರೂ ಇರುತ್ತದೆ. ಅದನ್ನು ಎಡಕ್ಕೆ ತಿರುಗಿಸಿದರೆ ಸ್ಪ್ರಿಂಗ್ ಸಡಿಲವಾಗುತ್ತದೆ. ಎರಡೂ ಮುಖಗಳಲ್ಲಿ ಹಿಡಿಯುವ ಪೆಡಲಾದರೆ ಒಂದು ಜೊತೆಗೆ ಇಂಥ ನಾಲ್ಕು ಸ್ಕ್ರೂಗಳಿರುತ್ತವೆ. ಒಂದನ್ನು ಮರೆತರೂ ಒಂದು ಮುಖ ಸುಲಭವಾಗಿ ಬಿಟ್ಟು ಇನ್ನೊಂದು ಮುಖ ಕಾಲನ್ನು ಹಿಡಿದು ನಿಲ್ಲಿಸುತ್ತದೆ. ಸ್ಕ್ರೂ ಪೂರ್ತಿ ಕಳಚಿ ಬರುವವರೆಗೆ ಮಾತ್ರ ತಿರುಗಿಸಬೇಡಿ. ಕ್ಲೀಟಿನಲ್ಲೂ ಆಯ್ಕೆಯಿದೆ. ಎಸ್‌ಎಚ್-51 ಎಂಬುದು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ, ಎಸ್‌ಎಚ್-56 ಇನ್ನೂ ಕೆಲವು ದಿಕ್ಕುಗಳ ಎಳೆತಕ್ಕೂ ಬಿಡುತ್ತದೆ. ಕಲಿಯುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಗಾಬರಿಯಲ್ಲಿ ಕಾಲನ್ನು ಅಡ್ಡಾದಿಡ್ಡಿ ಎಳೆದರೂ ಬಿಡುಗಡೆ ಸಿಗುವ ಸಂಭವ ಹೆಚ್ಚು.

ಮೂರು ಬೋಲ್ಟಿನ, ಪ್ಲಾಸ್ಟಿಕ್ ಕ್ಲೀಟಿನ ರೋಡ್ ಪೆಡಲುಗಳನ್ನು ಕೊಡಗಿನಲ್ಲಿ ಕಲಿಕೆಗೆ ಬಳಸುವುದು ನನಗೆ ಸರಿ ಕಾಣುವುದಿಲ್ಲ. ಆ ಕ್ಲೀಟುಗಳು ಶೂವಿನ ಅಡಿಯಿಂದ ಹೊರಚಾಚಿಕೊಂಡಿರುತ್ತವೆ. ನಮ್ಮಲ್ಲಿ ಕಾಲೂರಿದ ಕಡೆಯೆಲ್ಲ ಜಲ್ಲಿ, ಕೆಸರು ಅಥವಾ ಪಾಚಿ. ಈಗಾಗಲೇ ಅದನ್ನೇ ಕೊಂಡಿದ್ದರೆ ಬಣ್ಣದ ವಿಷಯದಲ್ಲಿ ಎಚ್ಚರವಿರಲಿ: ಶಿಮಾನೊದ ಕೆಂಪು ಕ್ಲೀಟು ಪಾದವನ್ನು ಕದಲದಂತೆ ಹಿಡಿಯುತ್ತದೆ, ಹಳದಿಯದು ಆರು ಡಿಗ್ರಿ ಆಡಲು ಬಿಡುತ್ತದೆ, ಲುಕ್ ಕಂಪನಿಯಲ್ಲಾದರೆ ಒಂಬತ್ತು ಡಿಗ್ರಿ ಆಡಲು ಬಿಡುವುದೇ ಕೆಂಪು.

ನಿಂತಲ್ಲೇ ಅಭ್ಯಾಸ

ಮೊದಲ ಪಾಠಕ್ಕೆ ಮನೆಯ ಗೋಡೆ ಸಾಕು. ಒಂದು ಕೈಯನ್ನು ಗೋಡೆಗೋ ಜಗಲಿಯ ಕಂಬಕ್ಕೋ ಆನಿಸಿ, ಸೀಟಿನ ಮೇಲೆ ಕುಳಿತು, ಎಡಗಾಲಿನ ಪೆಡಲನ್ನು ತೀರ ಕೆಳಕ್ಕೆ ತನ್ನಿ. ಕಾಲು ಹೆಚ್ಚುಕಡಿಮೆ ನೇರವಾಗಿರುವ ಈ ಸ್ಥಿತಿಯಲ್ಲಿ ಹಿಮ್ಮಡಿ ಸಲೀಸಾಗಿ ತಿರುಗುತ್ತದೆ. ಮಂಡಿ ಮುಂದಕ್ಕೇ ನೋಡುತ್ತಿರಲಿ. ಮಂಡಿಯನ್ನು ಹೊರಕ್ಕೆ ಬೀಸಿದರೆ ಕ್ಲೀಟೂ ಬೇಗ ಬಿಡುವುದಿಲ್ಲ, ಕೀಲಿಗೂ ನೋವು. ಪಾದದ ಮುಂಭಾಗವನ್ನು ಪೆಡಲಿಗೆ ಲಘುವಾಗಿ ಒತ್ತಿ ಹಿಡಿದು, ಬೆಂಕಿಕಡ್ಡಿಯನ್ನು ಹೊಸಕಿ ಆರಿಸುವಾಗ ಮಾಡುವಂತೆ, ಹಿಮ್ಮಡಿಯನ್ನಷ್ಟೇ ಹೊರಕ್ಕೆ ತಳ್ಳಿ. ಟಕ್ಕೆಂದು ಬಿಟ್ಟ ಮೇಲೆ ಪಾದವನ್ನು ಎತ್ತಿ. ಒಂದೊಂದು ಕಾಲಿಗೆ ಮೂವತ್ತು, ನಲವತ್ತು ಸಲವಾದರೂ ಮಾಡಿ. ಎಣಿಸುವುದನ್ನು ಮರೆತು ಬೇರೇನೋ ಯೋಚಿಸುತ್ತಿದ್ದರೂ ಕಾಲು ತಾನಾಗಿ ತಿರುಗುವ ಹಂತ ಬರಬೇಕು.

ಆಮೇಲೆ ಬಯಲು. ಊರಿನ ಹಾಕಿ ಮೈದಾನದ ಹುಲ್ಲು ಒಳ್ಳೆಯದು, ಬಿದ್ದರೂ ಪೆಟ್ಟಾಗುವುದಿಲ್ಲ. ನನ್ನ ಅಕ್ಕನ ಮಗನಿಗೆ ನಾನು ಕಲಿಸಿದ್ದು ಮನೆಯ ಕಾಫಿ ಕಣದಲ್ಲಿ, ಕೊಯ್ಲು ಶುರುವಾಗುವ ಮುಂಚೆ ಅದು ಬರಿದಾಗಿದ್ದ ದಿನಗಳಲ್ಲಿ. ಮಳೆಗಾಲದಲ್ಲಿ ಕಣದ ಸಿಮೆಂಟಿನ ಮೇಲೆ ಹಸಿರು ಪಾಚಿ ಕಟ್ಟಿರುತ್ತದೆ, ಅದನ್ನು ಉಜ್ಜಿ ತೊಳೆಯದೆ ಅಲ್ಲಿ ಸೈಕಲ್ ಇಳಿಸಬಾರದು. ಕಣದ ಆ ತುದಿಯಲ್ಲಿ ಒಂದು ಬುಟ್ಟಿ ಕವುಚಿಟ್ಟು, ಅದನ್ನು ತಲುಪುವ ಹತ್ತು ಮೀಟರ್ ಮೊದಲೇ ಎಡಗಾಲು ಬಿಡಿಸಬೇಕೆಂದು ಹೇಳಿದೆ. ಹುಡುಗ ಪ್ರತಿ ಸಲವೂ ಬುಟ್ಟಿಯ ಹತ್ತಿರಕ್ಕೆ ಬಂದೇ ಹಿಮ್ಮಡಿ ತಿರುಗಿಸುತ್ತಿದ್ದ. ಗಮನಿಸಿದರೆ, ಅವನ ಬೆರಳು ಬ್ರೇಕ್ ಒತ್ತುವ ಕ್ಷಣಕ್ಕೇ ಕಾಲೂ ಕಾಯುತ್ತಿತ್ತು. ಬ್ರೇಕಿಗೆ ಮೊದಲು ಕಾಲು ಎಂದು ಅನುಕ್ರಮ ಬದಲಿಸಿದ ಮೇಲೆ ಎರಡೇ ಸುತ್ತಿನಲ್ಲಿ ಸರಿಹೋಯಿತು.

ನಿಲ್ಲುವ ಕ್ರಮ

ನಿಲ್ಲಬೇಕಾದ ಜಾಗ ಕಣ್ಣಿಗೆ ಬಿದ್ದ ಕೂಡಲೇ ಗೇರ್ ಹಗುರ ಮಾಡಿಕೊಳ್ಳಿ, ಮತ್ತೆ ಹೊರಡುವಾಗ ಬೇಕಾಗುತ್ತದೆ. ಎಡಗಾಲು ಕೆಳಗೆ ಬಂದಾಗ ಹಿಮ್ಮಡಿ ತಿರುಗಿಸಿ ಬಿಡಿಸಿ. ಬಿಡಿಸಿದ ಪಾದವನ್ನು ಗಾಳಿಯಲ್ಲಿ ತೂಗಾಡಿಸದೆ, ಪೆಡಲ್ ನಡುಪಾದದ ಅಡಿಗೆ ಬರುವಂತೆ ಅದರ ಮೇಲೇ ಇಟ್ಟುಕೊಳ್ಳಿ. ಮುಂಗಾಲನ್ನೇ ಇಟ್ಟರೆ ಕ್ಲೀಟು ಮತ್ತೆ ಕಚ್ಚಿಕೊಳ್ಳುತ್ತದೆ, ಬಿಡಿಸಿದ್ದೇನೆಂದು ನಂಬಿದ ಕಾಲು ಸಿಕ್ಕಿಬಿದ್ದಿರುತ್ತದೆ. ಈಗ ಬಲಗಾಲನ್ನು ಕೆಳಕ್ಕೆ ತಂದು, ಮೈಭಾರವನ್ನು ಅದರ ಮೇಲೆ ಹಾಕಿ, ಬ್ರೇಕ್ ಒತ್ತುತ್ತ ಸೀಟಿನಿಂದ ಮುಂದಕ್ಕೆ ಜಾರಿ ನಿಂತುಕೊಳ್ಳಿ. ಸೈಕಲ್ ನಿಲ್ಲುವ ಗಳಿಗೆಯಲ್ಲಿ ಹ್ಯಾಂಡಲನ್ನು ನೇರವಾಗಿಟ್ಟು, ಮೈಯನ್ನು ಎಡಕ್ಕೆ ವಾಲಿಸಿ ಎಡಗಾಲು ಊರಿ.

ಈ ವಾಲುವಿಕೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಎಡಗಾಲು ಬಿಡಿಸಿದ್ದರೂ ಸೈಕಲ್ ಬಲಕ್ಕೆ ವಾಲಿತೆಂದರೆ ಊರಲು ಕಾಲೇ ಇರುವುದಿಲ್ಲ. ಅಕ್ಕಪಕ್ಕದವರು ಕರೆದರೆಂದು ಬಲಕ್ಕೆ ತಿರುಗಿ ನೋಡುವಷ್ಟರಲ್ಲಿ ಬಿದ್ದವರನ್ನು ನಾನು ಕಂಡಿದ್ದೇನೆ.

ಎಡಗಾಲೇ ಏಕೆ? ನಮ್ಮಲ್ಲಿ ವಾಹನಗಳು ಎಡಬದಿಯಲ್ಲಿ ಸಾಗುವುದರಿಂದ ಎಡಗಾಲು ರಸ್ತೆಯಂಚಿಗೆ, ಲಾರಿ ಬಸ್ಸುಗಳಿಂದ ದೂರಕ್ಕೆ ಬೀಳುತ್ತದೆ. ಚೈನಿನ ಹಲ್ಲುಚಕ್ರವೂ ಬಲಕ್ಕಿರುವುದರಿಂದ ಮೀನಖಂಡಕ್ಕೆ ಗ್ರೀಸೂ ಗಾಯವೂ ತಪ್ಪುತ್ತವೆ. ಆದರೆ ಕೊಡಗಿನ ರಸ್ತೆಗಳಲ್ಲಿ ಎಡಕ್ಕೆ ಡಾಂಬರು ಮುಗಿದಲ್ಲಿ ಎಷ್ಟೋ ಕಡೆ ನೆಲ ಗೇಣುದ್ದ ಕುಸಿದಿರುತ್ತದೆ, ಇಲ್ಲವೇ ಹುಲ್ಲು ಮುಚ್ಚಿದ ಚರಂಡಿಯಿರುತ್ತದೆ. ಕಾಲು ಡಾಂಬರಿನ ಮೇಲೇ ಊರುವಷ್ಟು ಒಳಗೆ ನಿಲ್ಲಿ. ಎಡಕ್ಕೆ ಇಳಿಜಾರು, ಬಲಕ್ಕೆ ಏರು ಇರುವ ಎಸ್ಟೇಟ್ ದಾರಿಯಲ್ಲಿ ಎತ್ತರದ ಕಡೆಯ ಕಾಲನ್ನೇ ಬಿಡಿಸಬೇಕು. ಬಲಗಾಲಿನ ಅಭ್ಯಾಸವನ್ನೂ ಬಿಡಬೇಡಿ ಎನ್ನುವುದು ಇದಕ್ಕೇ.

ಏರಿನಲ್ಲಿ, ಇಳಿತದಲ್ಲಿ

ಏರಿನಲ್ಲಿ ವೇಗ ನಮಗೆ ಗೊತ್ತಾಗುವ ಮೊದಲೇ ಸತ್ತುಹೋಗುತ್ತದೆ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗಲೋ, ಮಾಕುಟ್ಟದಿಂದ ವಿರಾಜಪೇಟೆಯ ಕಡೆಗೆ ಬರುವಾಗಲೋ ಕಾಲು ಸೋತು ಪೆಡಲ್ ಸುತ್ತುವುದು ಕಷ್ಟವಾದರೆ, ಇನ್ನೊಂದೆರಡು ಸುತ್ತಿಗೆ ಶಕ್ತಿ ಉಳಿದಿರುವಾಗಲೇ ನಿಲ್ಲುವ ತೀರ್ಮಾನ ಮಾಡಿ. ಬಿಡಿಸಬೇಕಾದ ಕಾಲು ಕೆಳಕ್ಕೆ ಬರಲು ಅರ್ಧ ಸುತ್ತಾದರೂ ಬೇಕು. ಪೆಡಲನ್ನು ಬಲವಾಗಿ ತುಳಿಯುತ್ತಿರುವಾಗ ಹಿಮ್ಮಡಿ ತಿರುಗುವುದು ಕಷ್ಟ. ಕೆಳಗೆ ಬಂದು ಒತ್ತಡ ಇಳಿಯುವ ಆ ಒಂದು ಕ್ಷಣವನ್ನೇ ಹಿಡಿಯಬೇಕು. ಮತ್ತೆ ಹೊರಡುವಾಗ, ಹಿಡಿದಿರುವ ಬಲಗಾಲಿನ ಪೆಡಲನ್ನು ಗಡಿಯಾರದ ಎರಡು ಗಂಟೆಯ ಮುಳ್ಳಿನ ಎತ್ತರಕ್ಕೆ ತಂದು ಒಮ್ಮೆ ಗಟ್ಟಿಯಾಗಿ ತುಳಿಯಿರಿ. ಎಡಗಾಲಿನ ಕ್ಲೀಟು ತಕ್ಷಣ ಕೂರದಿದ್ದರೆ ಕೆಳಗೆ ನೋಡುತ್ತ ಹುಡುಕಬೇಡಿ, ನಡುಪಾದದಿಂದಲೇ ತುಳಿದು ವೇಗ ಬಂದ ಮೇಲೆ ಸೇರಿಸಿಕೊಳ್ಳಿ.

ಇಳಿತದ ತಿರುವುಗಳಲ್ಲಿ ಭಯದಿಂದ ಕಾಲು ಬಿಡಿಸಿಟ್ಟುಕೊಳ್ಳುವವರಿದ್ದಾರೆ. ಒದ್ದೆ ರಸ್ತೆಯಲ್ಲಿ ಸಡಿಲವಾದ ಪಾದ ಪೆಡಲಿನಿಂದ ಜಾರುವ ಅಪಾಯವೇ ದೊಡ್ಡದು. ತಿರುವು ಮುಗಿದು, ಎರಡೂ ಬ್ರೇಕಿನಿಂದ ವೇಗ ತಗ್ಗಿದ ಮೇಲೆ ಬಿಡಿಸಿ. ಮಡಿಕೇರಿ ಪೇಟೆಯ ಸಂದಣಿಯಲ್ಲಿ, ಎಸ್ಟೇಟಿನ ಗೇಟುಗಳ ಎದುರು, ದನ ನಾಯಿಗಳು ಅಡ್ಡ ಬರುವ ಕಡೆಗಳಲ್ಲಿ ಮಾತ್ರ ಎಡಗಾಲನ್ನು ಮೊದಲೇ ಬಿಡಿಸಿಕೊಂಡು ನಿಧಾನವಾಗಿ ಸಾಗುವುದು ವಿವೇಕ.

ಕೆಸರು, ತುಕ್ಕು, ಬೋಲ್ಟು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಕೆಮ್ಮಣ್ಣು ಕ್ಲೀಟಿಗೂ ಪೆಡಲಿಗೂ ನಡುವೆ ಗಟ್ಟಿಯಾಗಿ ಕೂತುಬಿಡುತ್ತದೆ. ಕೆಸರಿನಲ್ಲಿ ನಡೆದ ಮೇಲೆ ಶೂವಿನ ತಳವನ್ನು ಪೆಡಲಿಗೆ ಎರಡು ಸಲ ಬಡಿದು ಮಣ್ಣು ಉದುರಿಸಿ, ಮನೆಗೆ ಬಂದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಒಣಗಿದ ಮೇಲೆ ಸ್ಪ್ರಿಂಗಿಗೆ ಎರಡು ಹನಿ ಎಣ್ಣೆ ಬಿಡಿ. ಕ್ಲೀಟಿನ ಬೋಲ್ಟುಗಳಿಗೆ ಹಾಕುವಾಗಲೇ ಗ್ರೀಸ್ ಸವರದಿದ್ದರೆ ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಕೂರುತ್ತವೆ. ಅಲೆನ್ ಕೀ ಕೂರುವ ಗುಳಿಯಲ್ಲಿ ಸಿಕ್ಕ ಹರಳುಗಳನ್ನು ಪಿನ್ನಿನಿಂದ ಕೆದಕಿ ತೆಗೆಯಿರಿ.

ಕ್ಲೀಟನ್ನು ಶೂವಿಗೆ ಹಿಡಿದಿಡುವ ಆ ಎರಡು ಬೋಲ್ಟುಗಳನ್ನು ಮೊದಲ ಕೆಲವು ಸವಾರಿಗಳ ನಂತರ ತಪ್ಪದೆ 4 ಮಿ.ಮೀ. ಅಲೆನ್ ಕೀಯಿಂದ ಬಿಗಿ ಮಾಡಿ. ಒಂದು ಬೋಲ್ಟು ಬಿದ್ದುಹೋದರೆ ಶೂ ತಿರುಗುತ್ತದೆ, ಕ್ಲೀಟು ಮಾತ್ರ ಪೆಡಲಿನಲ್ಲಿ ಇದ್ದಂತೆಯೇ ಇರುತ್ತದೆ. ಹಿಮ್ಮಡಿಯನ್ನು ಎಷ್ಟು ತಿರುಗಿಸಿದರೂ ಬಿಡುವುದಿಲ್ಲ. ಹಾಗೆ ಅನ್ನಿಸಿದ ಕೂಡಲೇ ಗಾಬರಿಯಾಗದೆ ಇನ್ನೊಂದು ಕಾಲನ್ನು ಬಿಡಿಸಿ, ಆ ಕಡೆಗೇ ವಾಲಿ ನಿಲ್ಲಿ. ಸಿಕ್ಕಿಕೊಂಡ ಶೂವಿನ ಪಟ್ಟಿ ಸಡಿಲಿಸಿ, ಪಾದವನ್ನು ಶೂವಿನಿಂದಲೇ ಹೊರತೆಗೆಯಿರಿ. ಶೂ ಪೆಡಲಿನಲ್ಲೇ ನೇತಾಡುತ್ತಿರಲಿ. ಸೈಕಲನ್ನು ರಸ್ತೆಯಿಂದ ಬದಿಗೆ ಸರಿಸಿ, ಪೆಡಲಿನ ಸ್ಕ್ರೂವನ್ನು ಆದಷ್ಟು ಸಡಿಲಗೊಳಿಸಿ, ಹಿಂದಿನ ದವಡೆಯನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಹಿಂದಕ್ಕೆ ಒತ್ತಿ ಹಿಡಿದರೆ ಶೂ ಕ್ಲೀಟಿನ ಸಮೇತ ಎದ್ದು ಬರುತ್ತದೆ. ಬಿದ್ದುಹೋದ ಬೋಲ್ಟಿನ ಬದಲಿಗೆ ಹಾಕಲು ಇನ್ನೊಂದು ಬೋಲ್ಟನ್ನೂ ಆ ಸಣ್ಣ ಸ್ಕ್ರೂಡ್ರೈವರನ್ನೂ ಸೀಟಿನಡಿಯ ಚೀಲದಲ್ಲಿ ಪಂಕ್ಚರ್ ಸಾಮಾನಿನ ಜೊತೆಗೇ ಇಟ್ಟುಕೊಂಡಿರಿ.