ನಾಲ್ಕು ಹುಣಸೆ ಬೀಜ

ಮೊದಲ ದಿನ 42 ಮಕ್ಕಳು ಬಂದಿದ್ದರು. ನಾಲ್ಕನೇ ದಿನ ಎಣಿಸಿದರೆ 17. ನಾವು ಎಂಟು ಜನ ಕಾಲೇಜಿನವರು ಬಣ್ಣದ ಚಾರ್ಟ್ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಕೊಪ್ಪಳದಿಂದ ಕಿನ್ನಾಳದ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿ. ಅಲ್ಲಿನ ಪಂಚಾಯಿತಿ ಗ್ರಂಥಾಲಯದಲ್ಲಿ ಮೂರು ವಾರದ ಬೇಸಿಗೆ ಶಿಬಿರ. ಅರಿವು ಕೇಂದ್ರ ಅಂತ ಬೋರ್ಡ್ ಇದ್ದರೂ ಊರವರಿಗೆ ಅದು ಲೈಬ್ರರಿಯೇ. ನಾನಾಗ ಬಿ.ಎಸ್ಸಿ ಎರಡನೇ ವರ್ಷ, ಗಣಿತ ನನ್ನ ವಿಷಯ. ನಮಗೆ ಒಂದು ದಿನದ ತರಬೇತಿ ಆಗಿತ್ತು. ವೇಳಾಪಟ್ಟಿಯನ್ನೂ ಕೊಟ್ಟಿದ್ದರು, ಬೆಳಗ್ಗೆ ಹತ್ತರಿಂದ ಒಂದು ಗಂಟೆ. ಅದನ್ನು ಬರೆದವರು ಮೇ ತಿಂಗಳಲ್ಲಿ ಕೊಪ್ಪಳಕ್ಕೆ ಬಂದವರಲ್ಲ, ಖಂಡಿತ. ಹನ್ನೊಂದಕ್ಕೆಲ್ಲ ತಗಡಿನ ಕೆಳಗೆ ಕೂತರೆ ರೊಟ್ಟಿ ಹಂಚಿನ ಮೇಲೆ ಕೂತಂಗೆ.

ಸರಿ, ಏಳು ಗಂಟೆಗೆ ಬದಲಾಯಿಸಿದೆವು. ಹುಡುಗರು ವಾಪಸ್ ಬಂದರು, ಹುಡುಗಿಯರು ಬರಲಿಲ್ಲ. ಯಾಕೆ ಅಂತ ಮನೆಮನೆಗೆ ಹೋದಾಗಲೇ ಗೊತ್ತಾಗಿದ್ದು. ಬೇಸಿಗೆಯಲ್ಲಿ ಅಮ್ಮಂದಿರು ನಸುಕಿನಲ್ಲೇ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುತ್ತಾರೆ, ಬಿಸಿಲೇರುವ ಮುಂಚೆ ಮಣ್ಣು ಅಗೆದು ಮುಗಿಸಬೇಕಲ್ಲ. ಕೂಸುಗಳನ್ನು ನೋಡಿಕೊಳ್ಳುವುದು ಐದನೇ, ಆರನೇ ಕ್ಲಾಸಿನ ಅಕ್ಕಂದಿರ ಪಾಲು. ಪಂಚಾಯಿತಿಗಳಲ್ಲಿ ಇಂಥ ಕೂಸುಗಳಿಗೆಂದೇ ಕೂಸಿನ ಮನೆ ತೆರೆಯುತ್ತಿದ್ದಾರೆ, ನಿಜ. ಆ ಊರಿಗೆ ಅದಿನ್ನೂ ಬಂದಿರಲಿಲ್ಲ. ಒಬ್ಬ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಇಟ್ಟುಕೊಂಡೇ ಬಾಗಿಲಲ್ಲಿ ನಿಂತು ಕೇಳಿದಳು: "ಅಕ್ಕಾ, ಇವನ್ನ ಕರ್ಕೊಂಡು ಬಂದ್ರ ನಡೀತೈತೇನು?"

ಮೂರು ವರ್ಷದ ಒಳಗಿನ ಮಕ್ಕಳನ್ನು ಸೇರಿಸಬಾರದು ಅಂತ ನಮ್ಮ ಹಾಳೆಯಲ್ಲಿ ಸ್ಪಷ್ಟವಾಗಿ ಇತ್ತು. "ನಡೀತೈತಿ ಬಾ" ಅಂದೆ. ಶಿಬಿರದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದು ಅಂತ ಕೇಳಿದರೆ ಇದನ್ನೇ ಹೇಳುತ್ತೇನೆ. ಮಾರನೇ ದಿನ ಹುಡುಗಿಯರ ಜೊತೆ ಒಂಬತ್ತು ಕೂಸುಗಳು ಬಂದವು. ಗಲಾಟೆ ಅಂದ್ರೆ ಗಲಾಟೆ. ಲೈಬ್ರರಿ ನೋಡಿಕೊಳ್ಳುವ ಅಕ್ಕ ಮೊದಲು ಸಿಡುಕಿದರು, ಆಮೇಲೆ ಮನೆಯಿಂದ ಕೌದಿ ತಂದು ಹಾಸಿದರು.

ಅವತ್ತೇ ಇನ್ನೊಂದು ಬದಲಾವಣೆ. ಎಲ್ಲರನ್ನೂ ಸಾಲಾಗಿ ಕೂರಿಸಿ ಒಬ್ಬರು ಪಾಠ ಹೇಳುವುದನ್ನು ಬಿಟ್ಟೆವು. ಒಬ್ಬೊಬ್ಬರಿಗೆ ಐದಾರು ಮಕ್ಕಳು, ಕೊನೆಯ ದಿನದವರೆಗೂ ಅವರೇ. ಅದಲುಬದಲು ಇಲ್ಲ. ನಿಮ್ಮ ಗುಂಪಿನ ಮಗು ಬರದಿದ್ದರೆ ಶಿಬಿರ ಮುಗಿದ ಮೇಲೆ ನೀವೇ ಅದರ ಮನೆಗೆ ಹೋಗಿ ಬರಬೇಕು.

ನನ್ನ ಗುಂಪಿನಲ್ಲಿ ಆರನೇ ಕ್ಲಾಸಿನ ಒಬ್ಬ ಹುಡುಗ. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿದ್ದರು, ಇವನು ಅಜ್ಜಿ ಜೊತೆ. ಪುಸ್ತಕ ಕೊಟ್ಟರೆ "ಕಣ್ಣು ನೋಯ್ತಾವ" ಅಂತ ಪಕ್ಕಕ್ಕಿಡುತ್ತಿದ್ದ. ಕಣ್ಣಿಗೇನೂ ಆಗಿರಲಿಲ್ಲ, ಒತ್ತಕ್ಷರ ಬಂದರೆ ತಡವರಿಸುತ್ತಿದ್ದ, ಅಷ್ಟೇ. ಓರಗೆಯವರ ಮುಂದೆ ನಾಚಿಕೆ. ಒಂದು ದಿನ ಅಳುತ್ತಿದ್ದ ಒಂದು ಕೂಸನ್ನು ಅವನ ತೊಡೆಯ ಮೇಲೆ ಕೂರಿಸಿ, ಚಿತ್ರದ ಪುಸ್ತಕ ಕೊಟ್ಟು, ನಾನು ನೀರು ತರಲು ಹೋದೆ. ಬರುವಷ್ಟರಲ್ಲಿ ದೊಡ್ಡ ದನಿಯಲ್ಲಿ ಓದುತ್ತಿದ್ದ. "ಬೆಕ್ಕು" ಅನ್ನೋದನ್ನು "ಬೆಕು" ಅಂದ. ಕೂಸು ತಪ್ಪು ಹಿಡಿಯಲಿಲ್ಲ, ನಾನೂ ಹಿಡಿಯಲಿಲ್ಲ. ನಾಲ್ಕನೇ ಸಲಕ್ಕೆ ತಾನೇ ಸರಿ ಮಾಡಿಕೊಂಡ.

ಇನ್ನು ಗಣಿತ. ನನ್ನ ಚಾರ್ಟುಗಳು ಯಾರಿಗೂ ಬೇಕಾಗಲಿಲ್ಲ. ವಿರಾಮದಲ್ಲಿ ಮಕ್ಕಳು ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಆಡುತ್ತಿದ್ದರು. ಕವಡೆ ಇಲ್ಲ, ಹುಣಸೆ ಬೀಜ. ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಬೀಜ. ಎಷ್ಟು ಬಿಳಿ ಮೇಲೆ ಬೀಳುತ್ತೋ ಅಷ್ಟು ಮನೆ. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕರಿ ಬಿದ್ದರೆ ಎಂಟು. ನಾನೂ ಕೂತೆ, ಸೋತೆ. ಸೋತ ಸಿಟ್ಟಿಗೆ ಕೇಳಿದೆ, "ನನಗ್ಯಾಕೆ ಬರೀ ಎರಡೇ ಬೀಳ್ತಾ ಇದೆ?" ಒಬ್ಬಳು ನನ್ನ ಕೈ ಗುಣ ಅಂದಳು. ಇನ್ನೊಬ್ಬ, ಎಲ್ಲರಿಗೂ ಎರಡೇ ಜಾಸ್ತಿ ಅಂದ. ಜಗಳ ಶುರುವಾಯಿತು. ಹಾಗಾದರೆ ನೂರು ಸಲ ಹಾಕಿ ಬರೆದಿಡೋಣ ಅಂದೆ.

ಗೋಡೆಗೆ ಹಾಳೆ ಅಂಟಿಸಿ, ಬಿದ್ದಿದ್ದಕ್ಕೆಲ್ಲ ಗೀಟು ಹಾಕಿದರು. ನೂರರಲ್ಲಿ ಎರಡು 36 ಸಲ ಬಿತ್ತು, ಎಂಟು ಬರೀ 5 ಸಲ. ಯಾಕೆ? ಅದಕ್ಕೆ ಇನ್ನೂ ಎರಡು ದಿನ ಬೇಕಾಯಿತು. ನಾಲ್ಕು ಬೀಜ ಎಷ್ಟು ಥರ ಬೀಳಬಹುದು ಅಂತ ಒಂದೊಂದಾಗಿ ಇಟ್ಟು ನೋಡಿದರು. ಮೊದಲು 12 ಬಂತು, ಆಮೇಲೆ 15. ಸೊಂಟದ ಮೇಲೆ ತಮ್ಮನನ್ನು ಹೊತ್ತಿದ್ದಳಲ್ಲ, ಆ ಹುಡುಗಿ ಬಿಟ್ಟುಹೋಗಿದ್ದನ್ನು ಹುಡುಕಿ 16 ಮಾಡಿದಳು. ಅದರಲ್ಲಿ ಎರಡು ಬಿಳಿ ಬರೋದು ಆರು ಥರ, ಎಂಟು ಬರೋದು ಒಂದೇ ಥರ. "ಅದಕ್ಕ ಎಂಟು ಬಿದ್ರ ಅಷ್ಟು ಖುಷಿ" ಅಂದಳು. ಉಜ್ಜಿದ ಬೀಜ ನಾಣ್ಯದಷ್ಟು ಸಮ ಇರುವುದಿಲ್ಲ, ಆದ್ದರಿಂದ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ. ನಾನು ಸಂಭವನೀಯತೆ ಅನ್ನೋ ಪದ ಬಳಸಲೇ ಇಲ್ಲ.

ಕಿನ್ನಾಳದ ಚಿತ್ರಗಾರರ ಮನೆಗೂ ಹೋಗಿದ್ದೆವು. ಹಗುರ ಮರದ ಗೊಂಬೆಗಳ ಭಾಗ ಸೇರಿಸುವ ಅಂಟಿಗೂ ಹುಣಸೆ ಬೀಜವೇ ಅಂತ ಗೊತ್ತಾದಾಗ ನಮ್ಮ ಗುಂಪು ಬೀಗಿದ್ದೇ ಬೀಗಿದ್ದು.

ಗವಿಮಠದ ಬೆಟ್ಟಕ್ಕೆ ಹೋಗಿದ್ದು ಮೂರನೇ ವಾರ, ಬೆಳಗಿನ ಮೊದಲ ಬಸ್ಸಿಗೆ. ಅಲ್ಲಿ ಅಶೋಕನ ಶಾಸನ ಇದೆ. ಹಿಂದಿನ ದಿನವೇ ಕೆಲವು ಬ್ರಾಹ್ಮಿ ಅಕ್ಷರ ಕಲಿಸಿದ್ದೆ. 'ಕ' ಅಂದ್ರೆ ಕೂಡಿಸುವ ಗುರುತು. 'ರ' ಒಂದು ನೆಟ್ಟನೆ ಗೀಟು. 'ನ' ತಲೆಕೆಳಗಾದ ಇಂಗ್ಲಿಷ್ ಟೀ. ಕನಕ ಅಂತ ಬರೆಯೋದು ಮೂರು ನಿಮಿಷದಲ್ಲಿ ಬಂತು. ಬಂಡೆಯ ಮುಂದೆ ಕೂಡಿಸುವ ಗುರುತು ಹುಡುಕುವ ಪೈಪೋಟಿ. ಕೆಲವಕ್ಕೆ ಪಕ್ಕದಲ್ಲಿ ಸಣ್ಣ ಗೀಟು ಅಂಟಿತ್ತು, ಅದು ನಮ್ಮ ಕಾಗುಣಿತ ಇದ್ದಂಗೆ ಅಂದೆ. ಭಾಷೆ ಪ್ರಾಕೃತ, ಅರ್ಥ ಯಾರಿಗೂ ಆಗಲಿಲ್ಲ. "ಇದ್ರಾಗ ಅಶೋಕ ಅಂತ ಎಲ್ಲೈತಿ?" ಅಂತ ಅಜ್ಜಿ ಜೊತೆ ಇರುವ ಹುಡುಗ ಕೇಳಿದ. ಇಲ್ಲಿ ಇಲ್ಲ, ದೇವಾನಂಪ್ರಿಯ ಅನ್ನೋ ಅವನ ಬಿರುದಷ್ಟೇ ಇದೆ, ಅಶೋಕ ಅನ್ನೋ ಹೆಸರು 1915ರಲ್ಲಿ ರಾಯಚೂರು ಕಡೆಯ ಮಸ್ಕಿಯ ಬಂಡೆಯಲ್ಲಿ ಸಿಕ್ಕಿತು ಅಂದೆ. "ಹಂಗಾರ ಅಲ್ಲಿಗೂ ಹೋಗೂಣು" ಅಂದ. ಹೋಗಲಾಗಲಿಲ್ಲ.

ಕೊನೆಯ ಮೂರು ದಿನ ಹಾಳಾದವು. ಸಮಾರೋಪಕ್ಕೆ ಗಣ್ಯರು ಬರುತ್ತಾರೆ, ಡಾನ್ಸ್ ಕಲಿಸಿ ಅಂತ ಮೇಲಿನಿಂದ ಹೇಳಿಕೆ ಬಂತು. ಕಲಿಸಿದೆವು. ಗಣ್ಯರು ಎರಡು ತಾಸು ತಡವಾಗಿ ಬಂದರು, ಅಷ್ಟರಲ್ಲಿ ಕೂಸುಗಳೆಲ್ಲ ಕೌದಿ ಮೇಲೆ ಮಲಗಿದ್ದವು. ಗೋಡೆಯ ಮೇಲಿನ ಗೀಟಿನ ಹಾಳೆಯ ಮೇಲೆ ಬ್ಯಾನರ್ ಕಟ್ಟಿದ್ದರು.

ಮುಂದಿನ ವರ್ಷ ನನಗೆ ಪರೀಕ್ಷೆ, ಹೋಗಲಾಗಲಿಲ್ಲ. ಹೋಗುವ ಜೂನಿಯರ್ ಹುಡುಗಿಗೆ ಏಳು ಗಂಟೆ, ಕೌದಿ, ಅದಲುಬದಲು ಬೇಡ ಅಂತ ಬರೆದುಕೊಟ್ಟೆ. ಜೊತೆಗೆ ಉಜ್ಜಿದ ಹುಣಸೆ ಬೀಜದ ಡಬ್ಬಿ. ಮೊದಲ ದಿನ ಸಂಜೆಯೇ ಅವಳು ಫೋನ್ ಮಾಡಿದಳು. ಡಬ್ಬಿ ತೆಗೆಯಲೇ ಇಲ್ಲವಂತೆ. ಮಕ್ಕಳೇ ಕಿಸೆಯಲ್ಲಿ ಬೀಜ ತಂದಿದ್ದರಂತೆ, ಈ ಸಲ ಐದು ಬೀಜ ಹಾಕಿದರೆ ಏನಾಗುತ್ತೆ ಅಂತ ಕೇಳುತ್ತಿದ್ದರಂತೆ.