ಪೇಟೆಗೆ ಡೀಸೆಲ್ ಗಾಡಿ ಬೇಡವೆಂಬ ಪ್ರಸ್ತಾವ ಬಂದರೆ ಅಹವಾಲು ಬರೆಯುವುದು ಹೇಗೆ

ಜರ್ಮನಿಯ ಹ್ಯಾಂಬರ್ಗ್ 2018ರಲ್ಲಿ ಎರಡು ರಸ್ತೆಗಳ ಕೆಲ ಭಾಗದಲ್ಲಿ ಹಳೆಯ ಡೀಸೆಲ್ ಗಾಡಿಗಳನ್ನು ನಿಷೇಧಿಸಿತು. ಇಂಥ ಪ್ರಸ್ತಾವ ಶಿರಸಿಗೋ ಕಾರವಾರಕ್ಕೋ ಬಂದರೆ ಪರವೋ ವಿರೋಧವೋ, ಮಾತು ಕಾಗದಕ್ಕೆ ಇಳಿಯಬೇಕು. ಚಹಾದಂಗಡಿಯ ಸಿಟ್ಟು ಕಡತ ಸೇರುವುದಿಲ್ಲ.

ಮೊದಲು ಆದೇಶದ ಆಧಾರ ನೋಡಿ. ವಾಹನ ಸಂಚಾರ ನಿರ್ಬಂಧಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆ 1988ರ ಕಲಂ 115ರಲ್ಲಿದೆ. ನಿರ್ಬಂಧ ಒಂದು ತಿಂಗಳು ಮೀರುವುದಾದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕು. ಅದರ ದಿನಾಂಕ, ಸಂಖ್ಯೆಯನ್ನು ಅರ್ಜಿಯ ವಿಷಯದ ಸಾಲಿನಲ್ಲೇ ಬರೆಯಿರಿ.

ಎಲ್ಲ ಡೀಸೆಲ್ ಗಾಡಿಯೂ ಒಂದೇ ಅಲ್ಲ, ಅರ್ಜಿಯ ತಿರುಳು ಇದೇ. ಗಾಡಿಯ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ (ಬಿಎಸ್) ಮಾನದಂಡಗಳಲ್ಲಿ ದೇಶಾದ್ಯಂತ ಬಿಎಸ್-4 ಬಂದದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್-6 2020ರ ಏಪ್ರಿಲ್‌ನಲ್ಲಿ. ಎಮಿಷನ್ ಚೀಟಿಯಲ್ಲಿ ಹೊಗೆಯ ದಟ್ಟಣೆ ತೋರಿಸುವ ಅಂಕಿ ಹುಡುಕಿ: ಬಿಎಸ್-4 ಗಾಡಿಗೆ ಮಿತಿ 1.62, ಅದಕ್ಕೂ ಹಳೆಯದಕ್ಕೆ 2.45. ಆ ಚೀಟಿಯ ಜೆರಾಕ್ಸ್ ಲಗತ್ತಿಸಿ. ಬಿಎಸ್-6 ಕಾರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದರೂ ಪೇಟೆಯೊಳಗಿನ ಗಿಡ್ಡ ಓಡಾಟದಲ್ಲಿ ಅದು ಸಾಕಷ್ಟು ಬಿಸಿಯಾಗದೆ ಕಟ್ಟಿಕೊಳ್ಳಬಹುದು. ನಿಷೇಧದ ಪರ ಬರೆಯುವವರು ಇದನ್ನು ಬಿಡಬಾರದು.

"ಎಲ್ಲರಿಗೂ ತೊಂದರೆ" ಎಂದರೆ ಯಾರೂ ಓದುವುದಿಲ್ಲ. ಅಡಿಕೆ ಚೀಲದ ಪಿಕಪ್ಪೋ ಮೀನಿನ ಟೆಂಪೋವೋ, ಯಾವ ರಸ್ತೆ, ಎಷ್ಟು ಹೊತ್ತಿಗೆ, ಇಳಿಸಲು ಎಷ್ಟು ನಿಮಿಷ ಎಂದು ಬರೆದು, ಬೆಳಿಗ್ಗೆ 6ರಿಂದ 9ರವರೆಗೆ ವಿನಾಯಿತಿ ಎಂಬಂತೆ ಸ್ಪಷ್ಟವಾಗಿ ಕೇಳಿ. ಒಂದೇ ಒಕ್ಕಣೆಯ ನೂರು ಪತ್ರಕ್ಕಿಂತ ಇಂಥ ನಾಲ್ಕು ಮೇಲು.

ಅರ್ಜಿ ಕಾರವಾರದ ಜಿಲ್ಲಾಧಿಕಾರಿಗೆ, ಪ್ರತಿ ನಗರಸಭೆಗೆ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ.